ಕನ್ನಡಕದವರ ಅಳುವ ಕೊಳಲು

ಕನ್ನಡಕದವರ ಅಂಗಡಿಗೆ ಕಣ್ಣು ತೋರಿಸಲು ಹೋದವರು ಕಿವಿಯನ್ನೂ ಒಪ್ಪಿಸಿಯೇ ಬರಬೇಕಾಗಿತ್ತು. ಇದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಹೋಗುತ್ತಿದ್ದರು. ಏಕೆಂದರೆ ಕಣ್ಣಿಗೆ ಸರಿಯಾದ ನಂಬರು ಕಂಡುಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಜೊತೆಗೆ, ಇನ್ನೊಂದು ಕನ್ನಡಕದ ಅಂಗಡಿಗೆ ಹೋಗಬೇಕೆಂದರೆ ಬಸ್ಸು ಬದಲಾಯಿಸಬೇಕಿತ್ತು.

ಅಂಗಡಿ ಉದ್ದವೇನೋ ಇತ್ತು, ಅಗಲ ಮಾತ್ರ ಅಷ್ಟಕ್ಕಷ್ಟೇ. ಮುಂದೆ ಗಾಜಿನ ಕೌಂಟರು, ಅದರ ಹಿಂದೆ ಅವರ ಹೆಂಡತಿ. ಫ್ರೇಮು ತೋರಿಸುವುದು, ಅದನ್ನು ಮೂಗಿನ ಮೇಲೆ ಕೂರಿಸುವುದು, ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದಕ್ಕೆ ಬಗ್ಗಿಸುವುದು, "ಇದು ನಿಮ್ಮ ಮುಖಕ್ಕೆ ಸುತರಾಂ ಒಪ್ಪಲ್ಲ" ಎಂದು ಎದುರಿಗೇ ಹೇಳುವುದು, ಇವೆಲ್ಲ ಆಕೆಯ ಇಲಾಖೆ. ಹಿಂದೆ ಕಪ್ಪು ಪರದೆಯ ಆಚೆಗಿದ್ದ ಕತ್ತಲ ಕೋಣೆ ಗಂಡನದು. ಅಲ್ಲೊಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಒಳಗೆ ದೀಪ ಉರಿಯುವ ಅಕ್ಷರಗಳ ಬೋರ್ಡು, ಪಕ್ಕದಲ್ಲಿ ಲೆನ್ಸುಗಳ ಡ್ರಾಯರು. ಡ್ರಾಯರಿನ ನೆತ್ತಿಯ ಮೇಲೆ ಒಂದು ಹಳೆಯ ರೆಕಾರ್ಡ್ ಪ್ಲೇಯರು ಕೂತಿತ್ತು.

ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಆ ಭಾರವಾದ ಪರೀಕ್ಷೆಯ ಫ್ರೇಮು ಏರಿದ ಮೇಲೆ ಎದ್ದು ಓಡುವಂತಿರಲಿಲ್ಲ. ಓಡಿದರೆ ಬಾಗಿಲು ಎಲ್ಲಿದೆ ಎಂದು ಕಾಣುವುದೂ ಅನುಮಾನವೇ. ಆ ಹೊತ್ತನ್ನೇ ನೋಡಿಕೊಂಡು ಕನ್ನಡಕದವರು ಮುಳ್ಳನ್ನು ಮೆಲ್ಲಗೆ ರೆಕಾರ್ಡಿನ ಮೇಲೆ ಇಳಿಸುತ್ತಿದ್ದರು.

"ಕೇಳಿ. ಕೊಳಲು ಅನ್ಸುತ್ತೆ, ಅಲ್ವಾ?"

"ಹೂಂ."

"ಕೊಳಲಲ್ಲ! ಅಲುಗಾಡ್ಬೇಡಿ, ಮೂರನೇ ಸಾಲು ಓದಿ. ಅದು ಮೆಲೊಟ್ರಾನ್. ನೋಡೋಕೆ ಹಾರ್ಮೋನಿಯಂನ ದೊಡ್ಡಪ್ಪ ಇದ್ದ ಹಾಗೆ. ಬೆರಳಿಂದ ಒತ್ತೋ ಒಂದೊಂದು ಮನೆಗೂ ಒಳಗೆ ಒಂದೊಂದು ಟೇಪಿನ ಪಟ್ಟಿ. ಯಾವತ್ತೋ ಯಾರೋ ಕೊಳಲಿನವರು ಕೂತು ಒಂದೊಂದೇ ಸ್ವರ ಊದಿ ಹೋಗಿದ್ದಾರೆ. ನುಡಿಸೋನು ಮನೆ ಒತ್ತಿದ್ರೆ ಅವರ ಉಸಿರು ಹೊರಗೆ ಬರುತ್ತೆ. ಎಂಟು ಸೆಕೆಂಡು, ಅಷ್ಟೇ. ಪಟ್ಟಿ ಮುಗೀತು, ಉಸಿರೂ ಮುಗೀತು. ಬೆರಳೆತ್ತಬೇಕು, ಸ್ಪ್ರಿಂಗು ಟೇಪನ್ನ ಹಿಂದಕ್ಕೆ ಎಳ್ಕೊಳ್ಳುತ್ತೆ. ಎಡಗಣ್ಣು ಮುಚ್ಚಿ."

ಬೀದಿಯ ಜನಕ್ಕೆ ಮೆಲೊಟ್ರಾನ್ ಎಂಬ ಹೆಸರು ನಾಲಿಗೆಗೆ ಹತ್ತಲಿಲ್ಲ. ಅವರು ಅದನ್ನು ಟೇಪಿನ ಪೆಟ್ಟಿಗೆ ಎಂದರು. ಕನ್ನಡಕದವರ ಬಳಿ ಅಂಥ ಪೆಟ್ಟಿಗೆಯೇನೂ ಇರಲಿಲ್ಲ. ಅದನ್ನು ಅವರು ಕಣ್ಣಾರೆ ಕಂಡವರೂ ಅಲ್ಲ. ಅದನ್ನು ನುಡಿಸಿದ ರೆಕಾರ್ಡುಗಳು ಒಂದು ಕಪಾಟಿನಷ್ಟಿದ್ದವು. ಪಿಟೀಲುಗಳ ಹಿಂಡು, ಹಾಡುವ ಹೆಂಗಸರು, ಕೊಳಲು, ಎಲ್ಲವೂ ಟೇಪಿನಿಂದ ಎದ್ದು ಬಂದಂಥವು. ಆದರೆ ಅವರ ಪ್ರಾಣವೆಲ್ಲ ಇದ್ದದ್ದು ಒಂದೇ ರೆಕಾರ್ಡಿನಲ್ಲಿ. ಅದರ ಕವರಿನ ಮೇಲೆ ಅರ್ಧ ತೆರೆದ ನೀಲಿ ಬಾಗಿಲಿನ ಚಿತ್ರವಿತ್ತು. ಅದರ ಎರಡನೆಯ ಬದಿಯ ಕೊನೆಯ ಹಾಡಿನಲ್ಲಿ, ಹಾಡುವವನು ಸುಮ್ಮನಾದ ಮೇಲೆ, ಕೊಳಲು ಒಂಟಿಯಾಗಿ ಒಂದು ಸ್ವರವನ್ನು ಹಿಡಿದು ನಿಲ್ಲುತ್ತಿತ್ತು. ನಿಲ್ಲುತ್ತಾ ನಿಲ್ಲುತ್ತಾ ಕುಸಿಯುತ್ತಿತ್ತು, ಮತ್ತೆ ಏಳುತ್ತಿತ್ತು, ಮತ್ತೆ ಕುಸಿಯುತ್ತಿತ್ತು.

"ಕೇಳಿಸ್ತಾ?" ಎಂದು ಕನ್ನಡಕದವರು ಉಸಿರು ಹಿಡಿದು ಕೇಳುವರು. "ಅಳ್ತಾ ಇದೆ."

ಈ ಅಳು ಅವರಿಗೆ ಸಿಕ್ಕಿದ್ದು ಆಗ ತಾನೇ ಅಂಗಡಿ ಹಾಕಿದ ದಿನಗಳಲ್ಲಿ, ಹಳೆಯ ಸಾಮಾನಿನವನೊಬ್ಬ ಪ್ಲೇಯರನ್ನೂ ಆ ರೆಕಾರ್ಡನ್ನೂ ಒಟ್ಟಿಗೆ ಅವರ ತಲೆಗೆ ಕಟ್ಟಿದಾಗ. ಅಂದಿನಿಂದ ಆ ಮಷೀನಿನ ಮೇಲೆ ಟೇಪಿನ ಪೆಟ್ಟಿಗೆಯ ರೆಕಾರ್ಡು ಬಿಟ್ಟು ಬೇರೇನೂ ತಿರುಗಿದ್ದಿಲ್ಲ. ಹೆಂಡತಿಗೆ ಹಾಡು ಬೇಕೆನಿಸಿದರೆ ಕೌಂಟರಿನ ಕೆಳಗಿನ ರೇಡಿಯೋ ಇತ್ತು.

ಅವರು ಯಾರಿಂದಲೂ ದೊಡ್ಡದೇನನ್ನೂ ಬೇಡಿದವರಲ್ಲ. ತನಗೆ ಕೇಳಿಸಿದ್ದು ಇನ್ನೊಬ್ಬರಿಗೂ ಕೇಳಿಸಬೇಕು, ಇಷ್ಟೇ ಆಸೆ. ಜೀವಮಾನವಿಡೀ ಜನರನ್ನು ಕೂರಿಸಿಕೊಂಡು ನಿಮಗೇನು ಕಾಣುತ್ತದೆ, ಈಗ ಕಾಣುತ್ತದೆಯೇ ಎಂದು ಕೇಳುತ್ತ ಬಂದವರು ಅವರು. ನಿಮಗೇನು ಕೇಳಿಸುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ಕೇಳದೆಯೇ ಹೇಳುವ ಚಟ ಹತ್ತಿತ್ತು. ಬಿಲ್ಲು ಕೊಡುವಾಗ ಒಂದು ರೆಕಾರ್ಡನ್ನೂ ಕೈಗಿಟ್ಟು, "ಮನೇಲಿ ಸಾವಕಾಶವಾಗಿ ಕೇಳಿ, ವಾಪಸ್ ತಂದಾಗ ಹೇಳಿ" ಅನ್ನುತ್ತಿದ್ದರು.

ಜನ ತಂದುಕೊಡುತ್ತಿದ್ದರು, ಹೇಳುತ್ತಲೂ ಇದ್ದರು. ಹೇಳುತ್ತಿದ್ದದ್ದೇ ತೊಂದರೆ.

"ಚೆನ್ನಾಗಿತ್ತು ಡಾಕ್ಟ್ರೇ. ಆದ್ರೆ ಅಳಲಿಲ್ಲ," ಎಂದ ಬೇಕರಿಯವನು.

"ಯಾವ ಮಷೀನಲ್ಲಿ ಹಾಕಿದ್ರಿ?"

"ನಮ್ಮ ಭಾವಂದು. ಹೊಸದು."

"ಅದಕ್ಕೇ. ಹೊಸ ಮಷೀನಿಗೆ ಕರುಳು ಎಲ್ಲಿರುತ್ತೆ?"

ಹೀಗೆ ಬೀದಿಯ ಮಷೀನುಗಳಿಗೆಲ್ಲ ಕರುಳಿಲ್ಲವೆಂದೂ ಬೀದಿಯ ಜನಕ್ಕೆಲ್ಲ ಕಿವಿಯಿಲ್ಲವೆಂದೂ ತೀರ್ಮಾನವಾಗಿ ವರ್ಷಗಳೇ ಕಳೆದವು. ಜನವೇನು ಸುಮ್ಮನಿರುತ್ತಾರೆಯೇ? ಅವರಿಗೆ ಅಳು ಡಾಕ್ಟ್ರು ಎಂದು ಹೆಸರಿಟ್ಟರು. ಎದುರಿಗೆ ಬರೀ ಡಾಕ್ಟ್ರು, ಅಳು ಸೇರುತ್ತಿದ್ದದ್ದು ಬೆನ್ನ ಹಿಂದೆ ಮಾತ್ರ.

ವೃತ್ತಿಯಲ್ಲಿ ಅವರು ಇಷ್ಟು ಸುಲಭಕ್ಕೆ ಮೋಸಹೋಗುವವರಲ್ಲ. ಕೆಲವರಿಗೆ ಕನ್ನಡಕ ಬೇಡ. ಕಾಣುತ್ತದೆ ಎಂದು ಸಾಧಿಸುವ ಹಟ. ಸರದಿಗಾಗಿ ಕಾಯುವಾಗ ಪರದೆಯ ಸಂದಿಯಿಂದ ಬೋರ್ಡನ್ನು ನೋಡಿ ಬಾಯಿಪಾಠ ಮಾಡಿಕೊಂಡು ಬಂದು, ಕುರ್ಚಿಯಲ್ಲಿ ಕೂತು ಗಿಳಿಯ ಹಾಗೆ ಒಪ್ಪಿಸಿಬಿಡುತ್ತಾರೆ. ಇಂಥವರಿಗೆಂದೇ ಕನ್ನಡಕದವರು ಇನ್ನೊಂದು ಬೋರ್ಡು ಮಾಡಿಸಿಟ್ಟಿದ್ದರು. ಸದ್ದಿಲ್ಲದೆ ಅದನ್ನು ತಿರುಗಿಸುತ್ತಿದ್ದರು. ಬಾಯಿಪಾಠದವರು ಹೊಸ ಬೋರ್ಡು ನೋಡಿಕೊಂಡು ಹಳೆಯ ಬೋರ್ಡಿನ ಅಕ್ಷರಗಳನ್ನೇ ಓದಿ ಸಿಕ್ಕಿಬೀಳುತ್ತಿದ್ದರು. "ಕಣ್ಣು ಸುಳ್ಳು ಹೇಳಲ್ಲ, ಬಾಯಿ ಹೇಳುತ್ತೆ" ಎಂದು ಕನ್ನಡಕದವರು ಹೆಮ್ಮೆಯಿಂದ ನಂಬರು ಬರೆದುಕೊಳ್ಳುತ್ತಿದ್ದರು.

ಕಿವಿಯಿಲ್ಲದ ಆ ಬೀದಿಯಲ್ಲಿ ಅವರ ಲೆಕ್ಕಕ್ಕೆ ಇದ್ದದ್ದು ಒಂದೇ ಜೊತೆ ಕಿವಿ. ಅದು ಟೆಲಿಫೋನಮ್ಮನದು. ಟೆಲಿಫೋನ್ ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಈ ಊರಿನ ಲೈನನ್ನು ಆ ಊರಿಗೆ ಸೇರಿಸುತ್ತ ಸರ್ವಿಸು ಮುಗಿಸಿದವರು. ಓದುವ ಕನ್ನಡಕಕ್ಕೆಂದು ಮೊದಲ ಸಲ ಬಂದಾಗ ಕುರ್ಚಿಯಲ್ಲಿ ಕೂತು, ಅಲುಗಾಡದೆ, ನೀಲಿ ಬಾಗಿಲಿನ ಹಾಡನ್ನು ಕೊನೆಯವರೆಗೂ ಕೇಳಿ, "ಅಯ್ಯೋ, ಅಳ್ತಾ ಇದೆಯಲ್ಲ!" ಎಂದಿದ್ದರು. ಕನ್ನಡಕದವರಿಗೆ ಆವತ್ತು ಜೀವ ತಂಪಾಗಿತ್ತು. ರೆಕಾರ್ಡನ್ನು ಆವತ್ತೇ ಅವರ ಕೈಯಲ್ಲಿಟ್ಟು ಕಳಿಸಿದರು. ಮುಂದಿನ ವಾರ ವಾಪಸ್ ತಂದಾಗ, "ಮನೇಲೂ ಅಳ್ತಾ?" ಎಂದು ಕೇಳಿದರು.

"ಅಳ್ತು," ಎಂದರು ಟೆಲಿಫೋನಮ್ಮ.

ಅಂದಿನಿಂದ ಇದೊಂದು ಪದ್ಧತಿಯಾಯಿತು. ಪ್ರತಿ ಸೋಮವಾರ ಬಂದು ಒಂದು ರೆಕಾರ್ಡು ಒಯ್ಯುವರು, ಮುಂದಿನ ಸೋಮವಾರ ತಂದು ಅಭಿಪ್ರಾಯ ಹೇಳುವರು. "ಇದರಲ್ಲಿ ಪಿಟೀಲು ಬಿಕ್ಕುತ್ತೆ" ಎಂದು ಕನ್ನಡಕದವರು ಹೇಳಿ ಕಳಿಸಿದ್ದರೆ, "ಬಿಕ್ಕಿತು ಡಾಕ್ಟ್ರೇ, ತಡೆಯೋಕಾಗ್ಲಿಲ್ಲ" ಎಂದು ಉತ್ತರ ಬರುತ್ತಿತ್ತು. ಲೆನ್ಸು ಒರೆಸುವ ತೆಳ್ಳನೆಯ ಕಾಗದದಲ್ಲಿ ಕನ್ನಡಕದವರು ರೆಕಾರ್ಡನ್ನು ಸುತ್ತಿ, ಮೂಲೆಯೊಂದನ್ನು ಒಳಕ್ಕೆ ಮಡಚಿ ಕೊಡುತ್ತಿದ್ದರು. ವಾಪಸ್ ಬಂದಾಗಲೂ ಮಡಿಕೆ ಇದ್ದ ಹಾಗೇ ಇರುತ್ತಿತ್ತು, ಮೂಲೆ ಒಳಗೇ ಇರುತ್ತಿತ್ತು.

"ಎಷ್ಟು ಅಚ್ಚುಕಟ್ಟು ನೋಡು," ಎಂದು ಅವರು ಹೆಂಡತಿಗೆ ತೋರಿಸುತ್ತಿದ್ದರು. "ಕಿವಿ ಇರೋರಿಗೆ ಕೈಯೂ ಇರುತ್ತೆ."

ಹೆಂಡತಿ ಮಡಿಕೆಯನ್ನೂ ಗಂಡನ ಮುಖವನ್ನೂ ಒಮ್ಮೆ ನೋಡಿ, "ಹೂಂ, ಬಹಳ ಅಚ್ಚುಕಟ್ಟು" ಎಂದು ಫ್ರೇಮುಗಳ ಧೂಳು ಹೊಡೆಯಲು ಹೋಗುತ್ತಿದ್ದರು.

ಹೀಗಿರುವಾಗ ಬಡಾವಣೆಯ ಲೈಬ್ರರಿಯಿಂದ ಕರೆ ಬಂತು. ಅಲ್ಲಿ ತಿಂಗಳಿಗೊಂದು ಸಂಜೆ ಯಾರಾದರೂ ತಮಗೆ ಇಷ್ಟವಾದದ್ದರ ಬಗ್ಗೆ ಮಾತನಾಡುವ ಕಾರ್ಯಕ್ರಮವಿತ್ತು. ಬೇಕರಿಯವನು ಪಾರಿವಾಳದ ಬಗ್ಗೆ ಮಾತಾಡಿದ್ದ. ಬ್ಯಾಂಕಿನ ಗುಮಾಸ್ತೆಯೊಬ್ಬರು ಹಗ್ಗದ ಗಂಟುಗಳ ಬಗ್ಗೆ ಮಾತಾಡಿ, ಒಂದು ಗಂಟನ್ನು ಬಿಚ್ಚಲಾಗದೆ ಹಾಗೇ ಮನೆಗೆ ಹೋಗಿದ್ದರು. ಈ ತಿಂಗಳು ಬರಬೇಕಾದವರಿಗೆ ಗಂಟಲು ಕಟ್ಟಿತ್ತು.

"ನಿಮ್ಮನ್ನ ಕರೀಬೇಕು ಅಂತ ಬಹಳ ದಿನದಿಂದ ಇತ್ತು ಡಾಕ್ಟ್ರೇ," ಎಂದು ಲೈಬ್ರರಿಯವರು ಸಲೀಸಾಗಿ ಸುಳ್ಳು ಹೇಳಿದರು.

ಕನ್ನಡಕದವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇನ್ನು ಬೇರೆಯವರ ಕರುಳಿಲ್ಲದ ಮಷೀನಿನ ಮಾತೇ ಇಲ್ಲ. ತಮ್ಮದೇ ಮಷೀನು, ತಮ್ಮದೇ ರೆಕಾರ್ಡು, ಎದುರಿಗೆ ಇಡೀ ಬೀದಿ. ಕೊಳಲು ಎಲ್ಲರ ಎದುರು ಅಳಬೇಕು. ಅತ್ತರೆ, ಇಷ್ಟು ವರ್ಷ ತಾನು ಹೇಳಿದ್ದು ಹುಚ್ಚಲ್ಲವೆಂದಾಯಿತು. ಅಳದಿದ್ದರೆ ಎಂಬ ಯೋಚನೆ ಅವರಿಗೆ ಬರಲಿಲ್ಲ. ಸೂರ್ಯ ಹುಟ್ಟದಿದ್ದರೆ ಎಂದು ಯಾರಾದರೂ ಯೋಚಿಸುತ್ತಾರೆಯೇ?

ಯೋಚಿಸಿದವರು ಹೆಂಡತಿ. ಅವರ ಚಿಂತೆ ಅಳುವಿನದಲ್ಲ, ಮಷೀನಿನದು. ಅಷ್ಟು ಜನರ ಎದುರು ಆ ಮುದಿ ಮಷೀನು ನಿಂತುಬಿಟ್ಟರೆ ಗಂಡನ ಮರ್ಯಾದೆ ಏನಾಗಬೇಡ? ಕಾರ್ಯಕ್ರಮದ ಹಿಂದಿನ ದಿನ ಕನ್ನಡಕದವರು ಲೆನ್ಸು ತರಲು ಹೋಲ್‌ಸೇಲ್ ಅಂಗಡಿಗೆ ಹೋಗಿದ್ದಾಗ, ಎದುರು ಸಾಲಿನಲ್ಲಿ ಫ್ಯಾನು ಮಿಕ್ಸಿ ರಿಪೇರಿ ಮಾಡುವವನನ್ನು ಆಕೆ ಕರೆಸಿದರು. ಅವನು ಮುಚ್ಚಳ ತೆಗೆದು, ಎಣ್ಣೆ ಬಿಟ್ಟು, ಒಳಗಿದ್ದ ರಬ್ಬರಿನ ಬೆಲ್ಟನ್ನು ಬದಲಾಯಿಸಿ, ಹಳೆಯದನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಆಕೆಯ ಕೈಗಿಟ್ಟ. ಗಂಡನಿಗೆ ಕಾರ್ಯಕ್ರಮ ಮುಗಿದ ಮೇಲೆ ಹೇಳಿ ಖುಷಿಪಡಿಸೋಣವೆಂದು ಆಕೆ ಪೊಟ್ಟಣವನ್ನು ಕೈಚೀಲದಲ್ಲಿಟ್ಟುಕೊಂಡರು. ಪಾಪ, ಆಕೆ ಮಾಡಿದ್ದು ಒಳ್ಳೆಯದನ್ನೇ.

ಮರುದಿನ ಸಂಜೆ ಲೈಬ್ರರಿಯ ಹಾಲ್ ತುಂಬಿತು. ಕೊನೆಯಲ್ಲಿ ಚಹಾ ಬಿಸ್ಕತ್ತು ಇರುವುದು ಎಲ್ಲರಿಗೂ ತಿಳಿದಿತ್ತು. ಕನ್ನಡಕದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಜಿನ ಮೇಲೆ ಮಷೀನಿಟ್ಟು, ಟೇಪಿನ ಪೆಟ್ಟಿಗೆಯ ಪುರಾಣವನ್ನು ಆದಿಯಿಂದ ಹೇಳಿದರು. ಊದಿ ಹೋದ ಕೊಳಲಿನವರು, ಎಂಟು ಸೆಕೆಂಡಿನ ಉಸಿರು, ಹಿಂದಕ್ಕೆಳೆಯುವ ಸ್ಪ್ರಿಂಗು. ಕುರ್ಚಿಯಲ್ಲಿ ಕೂತು ನೂರು ಸಲ ಕೇಳಿದ್ದ ಜನ ಮೊದಲ ಸಲ ಕೇಳುವವರಂತೆ ತಲೆದೂಗಿದರು. ಕೊನೆಗೆ ಮುಳ್ಳು ಇಳಿಯಿತು. ಹಾಡುವವನು ಹಾಡಿ ಸುಮ್ಮನಾದ.

"ಈಗ ಬರುತ್ತೆ," ಎಂದರು ಕನ್ನಡಕದವರು. "ಕೇಳಿ… ಈಗ…"

ಕೊಳಲು ಬಂತು. ಸ್ವರವನ್ನು ಹಿಡಿಯಿತು, ಹಿಡಿದು ನೆಟ್ಟಗೆ ನಿಂತಿತು. ಹಳೆಯ ಟೇಪಿನದೇ ಆದ ಸಣ್ಣದೊಂದು ನಡುಕ ಅದರಲ್ಲಿತ್ತು, ಸುಳ್ಳಲ್ಲ. ಆದರೆ ಕುಸಿಯಲಿಲ್ಲ, ಏಳಲಿಲ್ಲ, ಮತ್ತೆ ಕುಸಿಯಲಿಲ್ಲ. ಶಾಲೆಯಲ್ಲಿ ಮೇಷ್ಟರು ನಿಲ್ಲಿಸಿದ ಜಾಣ ಹುಡುಗನ ಹಾಗೆ ಕೊನೆಯವರೆಗೂ ನಿಂತು, ಮುಗಿಸಿ, ಕೂತುಕೊಂಡಿತು.

ಕನ್ನಡಕದವರು ಮುಳ್ಳನ್ನೆತ್ತಿ ಮತ್ತೆ ಇಟ್ಟರು. ಮತ್ತೆ ಅದೇ ಜಾಣತನ. ಅಷ್ಟು ಇಷ್ಟವೆಂದೇ ಎರಡು ಸಲ ಹಾಕುತ್ತಿದ್ದಾರೆಂದು ಜನ ತಿಳಿದರು. ಮೂರನೆಯ ಸಲವೂ ಹಾಕಿದಾಗ ಮುಂದಿನ ಸಾಲಿನವರು ಕಣ್ಣು ಮುಚ್ಚಿ ಆನಂದಿಸಿದರು. ಹಾಡು ಮುಗಿದದ್ದೇ ಚಪ್ಪಾಳೆ! ಬೇಕರಿಯವನು ಎದ್ದು ನಿಂತು ತಟ್ಟಿದ.

"ಎಷ್ಟು ಹಿತವಾಗಿದೆ ಡಾಕ್ಟ್ರೇ! ಅಂಗಡೀಲಿ ಕೇಳಿದಾಗ ಹೀಗಿರ್ಲಿಲ್ಲ. ಈ ಥರದ್ದು ಇನ್ನೊಂದಿದ್ರೆ ಹೇಳಿ, ನಮ್ಮ ಬೇಕರೀಲಿ ಹಾಕೋಣ."

"ನಂಗೂ ಬರ್ಕೊಡಿ," ಎಂದರು ಬ್ಯಾಂಕಿನವರು.

ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಹೆಂಡತಿಯೂ ಕಣ್ಣರಳಿಸಿ, "ಇದು ಚೆನ್ನಾಗೇ ಇದೆಯಲ್ರೀ, ಇಷ್ಟು ದಿನ ಇದನ್ಯಾಕೆ ಹಾಕ್ಲಿಲ್ಲ?" ಎಂದರು. ಯಾವ ಬೀದಿ ಅಷ್ಟು ವರ್ಷ ಅವರ ಶಿಫಾರಸನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲವೋ ಅದೇ ಬೀದಿ ಇಂದು ಸಾಲಾಗಿ ನಿಂತು ಬೇಡುತ್ತಿತ್ತು. ಕನ್ನಡಕದವರು ಮಾತ್ರ ಜೇಬು ಕತ್ತರಿಸಿಕೊಂಡವರಂತೆ ನಿಂತಿದ್ದರು.

"ಅಳ್ತಾ?" ಎಂದು ಅವರು ಸಭೆಯನ್ನು ಕೇಳಿದರು. "ಯಾರಿಗಾದ್ರೂ ಅಳು ಕೇಳಿಸ್ತಾ?"

ಜನ ಮುಖ ಮುಖ ನೋಡಿಕೊಂಡರು. ಯಾರಿಗೂ ಮನುಷ್ಯನನ್ನು ನೋಯಿಸಲು ಮನಸ್ಸಿಲ್ಲ, ಸುಳ್ಳು ಹೇಳಲು ಧೈರ್ಯವೂ ಇಲ್ಲ. ಆಗ ಗೋಡೆಯ ಪಕ್ಕದಿಂದ ಟೆಲಿಫೋನಮ್ಮನ ದನಿ ಬಂತು.

"ನಂಗೆ ಕೇಳಿಸ್ತು ಡಾಕ್ಟ್ರೇ. ಯಾವಾಗಿನ ಹಾಗೇ ಅಳ್ತು."

ಕನ್ನಡಕದವರು ಅತ್ತ ತಿರುಗಿದರು. ಈ ಮಾತಿನಿಂದ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೋರ್ಡು ತಿರುಗಿಸಿದ ಮೇಲೂ ಹಳೆಯ ಅಕ್ಷರವನ್ನೇ ಓದುವವರ ದನಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಚಹಾದ ಹೊತ್ತಿಗೆ ಹೆಂಡತಿ ಕೈಚೀಲದಿಂದ ಪೊಟ್ಟಣ ತೆಗೆದು ಅವರ ಅಂಗೈಯಲ್ಲಿಟ್ಟರು.

"ನಿನ್ನೆ ರಿಪೇರಿಯವನ ಕೈಲಿ ಸರಿ ಮಾಡ್ಸಿದೆ. ನೋಡಿ, ಹೇಗಾಗಿತ್ತು ಬೆಲ್ಟು! ಸಡಿಲ ಆಗಿ, ಒಂದ್ಕಡೆ ಹಿಗ್ಗಿ, ಎಳ್ದೂ ಎಳ್ದೂ ಓಡ್ತಿತ್ತಂತೆ. ಹಾಡು ತೊನೆಯೋದು ಅದಕ್ಕೇ ಅಂದ. ನೀವು ಗಮನಿಸ್ಲೇ ಇಲ್ವೇನ್ರೀ?"

ಪೊಟ್ಟಣದೊಳಗೆ ಸತ್ತ ಹುಳುವಿನಂತೆ ರಬ್ಬರು ಸುರುಳಿ ಸುತ್ತಿಕೊಂಡಿತ್ತು. ಅಳುತ್ತಿದ್ದದ್ದು ಇದು. ಊದಿ ಹೋದ ಕೊಳಲಿನವರಲ್ಲ, ಟೇಪಲ್ಲ, ನೀಲಿ ಬಾಗಿಲೂ ಅಲ್ಲ. ತನ್ನ ಡ್ರಾಯರಿನ ನೆತ್ತಿಯ ಮೇಲೆ ಕೂತ ಒಂದು ಬೆಲ್ಟು. ಊರಿನ ಮಷೀನುಗಳಿಗೆಲ್ಲ ಕರುಳಿಲ್ಲವೆಂದು ಬೈದು, ತನ್ನ ಮಷೀನಿನ ಕಾಯಿಲೆಯನ್ನು ತಾನು ಬೀದಿಗೆಲ್ಲ ಶಿಫಾರಸು ಮಾಡಿದ್ದೆನಲ್ಲ ಎಂದು ಅವರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹೆಂಡತಿಯನ್ನು ಬೈಯುವಂತಿಲ್ಲ. ಬಿಸ್ಕತ್ತು ತಿನ್ನುವಂತೆಯೂ ಇಲ್ಲ.

ಅವರ ಕೈಗೆ ಸಿಕ್ಕಬಹುದಾದ ಅಪರಾಧಿ ಒಬ್ಬರೇ. ಮರುದಿನ ಅಂಗಡಿಗೆ ಊಟದ ಬಿಡುವು ಕೊಟ್ಟಾಗ ಸಣ್ಣ ಸ್ಕ್ರೂಡ್ರೈವರು ಜೇಬಿಗಿಳಿಸಿ, ಕನ್ನಡಕದ ಕಡ್ಡಿ ಬಿಗಿ ಮಾಡಿಕೊಡುವ ನೆಪದಲ್ಲಿ ಟೆಲಿಫೋನಮ್ಮನ ಮನೆಯ ಮೆಟ್ಟಿಲು ಹತ್ತಿದರು. ಮನೆಯೆಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಮಂಚ, ಮೂಲೆಯಲ್ಲಿ ಒಲೆ, ಒಂದು ಮೇಜು, ಮೇಜಿನ ಮೇಲೆ ಈ ವಾರದ ರೆಕಾರ್ಡು. ಲೆನ್ಸಿನ ಕಾಗದ ಸುತ್ತಿಕೊಂಡು, ಮೂಲೆ ಒಳಕ್ಕೆ ಮಡಚಿಕೊಂಡು, ಅದು ತಾವು ಕೊಟ್ಟ ಹಾಗೇ ಕೂತಿತ್ತು.

"ಮಷೀನು ಎಲ್ಲಿ ಅಕ್ಕಾವ್ರೇ?" ಎಂದರು ಕನ್ನಡಕದವರು.

"ಒಳಗಿದೆ."

ಒಳಗು ಎಂಬುದೇ ಆ ಮನೆಗಿರಲಿಲ್ಲ. ಇಬ್ಬರೂ ಒಂದು ಗಳಿಗೆ ಗೋಡೆ ನೋಡಿದರು. ಕೊನೆಗೆ ಟೆಲಿಫೋನಮ್ಮ ಮಂಚದ ತುದಿಯಲ್ಲಿ ಕೂತು ನಕ್ಕುಬಿಟ್ಟರು. ನಗು ಅರ್ಧಕ್ಕೇ ನಿಂತಿತು.

"ಇಲ್ಲ ಡಾಕ್ಟ್ರೇ. ಯಾವತ್ತೂ ಇರ್ಲಿಲ್ಲ. ಮೊದಲ್ನೇ ದಿನ ನೀವು ಅಷ್ಟು ಪ್ರೀತಿಯಿಂದ ಕೈಗಿಟ್ರಿ. ಮಷೀನಿಲ್ಲ ಅನ್ನೋಕೆ ನಾಚ್ಕೆ ಆಯ್ತು. ವಾಪಸ್ ತಂದಾಗ ಅಳ್ತಾ ಅಂದ್ರಿ, ಅಳ್ತು ಅಂದೆ. ಆಮೇಲೆ ಹೇಗೆ ತಿರುಗಿ ಹೇಳೋದು?"

"ಇಷ್ಟು ವರ್ಷ ಸುಳ್ಳು ಹೇಳ್ತಾ ಇದ್ರಾ?"

"ಒಂದ್ಸಲ ಹೇಳಿದ್ದು ಸುಳ್ಳು. ಆಮೇಲೆ ಅಭ್ಯಾಸ."

ಕನ್ನಡಕದವರು ನಗಲಿಲ್ಲ. ಟೆಲಿಫೋನಮ್ಮ ಸೆರಗಿನ ಅಂಚನ್ನು ಸರಿಮಾಡಿಕೊಂಡರು.

"ಟೆಲಿಫೋನ್ ಆಫೀಸಲ್ಲಿ ಒಂದು ರೂಲು ಇತ್ತು. ಲೈನು ಸೇರಿಸ್ಬೇಕು, ಮಾತು ಕೇಳ್ಬಾರ್ದು. ಹಲೋ ಅಂದ ತಕ್ಷಣ ಕಿವಿ ತೆಗೀಬೇಕು. ಸರ್ವಿಸು ಪೂರ್ತಿ ಕಿವಿ ತೆಗೆದೇ ಬದುಕಿದೆ. ನೀವು ಆವತ್ತು ನನ್ನ ಕೂರಿಸ್ಕೊಂಡು, ಕೇಳಿ, ಪೂರ್ತಿ ಕೇಳಿ ಅಂದ್ರಿ. ಅಲ್ಲಿವರೆಗೆ ನಂಗೆ ಯಾರೂ ಕೇಳಿ ಅಂದಿರ್ಲಿಲ್ಲ. ಅದಕ್ಕೇ ಬರ್ತಿದ್ದೆ. ನೀವು ಹೇಳೋದೇ ಸಾಕಾಗ್ತಿತ್ತು, ರೆಕಾರ್ಡು ಬೇಕಾಗ್ತಾನೇ ಇರ್ಲಿಲ್ಲ."

ಕನ್ನಡಕದವರು ಸಿಟ್ಟು ಮಾಡಿಕೊಳ್ಳಲೆಂದೇ ಬಂದಿದ್ದರು. ಆ ಸಿಟ್ಟನ್ನು ಅರ್ಧದಾರಿಯಲ್ಲಿ ಯಾರೋ ಕೈಯಿಂದ ಇಸಿದುಕೊಂಡಂತಾಯಿತು. ಕಡ್ಡಿ ಬಿಗಿ ಮಾಡಿಕೊಟ್ಟು, ರೆಕಾರ್ಡನ್ನು ಮುಟ್ಟದೆ, ಮೆಟ್ಟಿಲಿಳಿದು ಹೋದರು.

ಆ ವಾರ ಕತ್ತಲ ಕೋಣೆಯಲ್ಲಿ ಟೇಪಿನ ಪುರಾಣವೂ ಇಲ್ಲ, ಹಾಡೂ ಇಲ್ಲ. ಮೂರನೇ ಸಾಲು ಓದಿ, ಎಡಗಣ್ಣು ಮುಚ್ಚಿ, ಆಯಿತು, ಇಳಿಯಿರಿ. ಜನಕ್ಕೆ ಕಣ್ಣಿನ ಪರೀಕ್ಷೆ ಇಷ್ಟು ಬೇಗ ಮುಗಿಯುತ್ತದೆಂಬುದೇ ಗೊತ್ತಿರಲಿಲ್ಲ. ಆದರೆ ಈಗ ಅವರಿಗೆ ಹಾಡು ಬೇಕಿತ್ತು! ಲೈಬ್ರರಿಯಲ್ಲಿ ಕೇಳಿದ್ದು ಬೀದಿಯಿಡೀ ಹಬ್ಬಿತ್ತು. ಕಣ್ಣು ಸರಿಯಿದ್ದವರೂ ಅಂಗಡಿಗೆ ಬಂದು ಟೇಪಿನ ಪೆಟ್ಟಿಗೆಯದು ಯಾವುದು ಒಳ್ಳೆಯದೆಂದು ಕೇಳುತ್ತಿದ್ದರು. ಗಂಡ ಪರದೆಯಾಚೆ ಮುಖ ಊದಿಸಿಕೊಂಡಿದ್ದರಿಂದ ಹೆಂಡತಿಯೇ ಕೌಂಟರಿನಿಂದ ಹೇಳಬೇಕಾಯಿತು.

"ಕೊಳಲು ಅನ್ಸುತ್ತೆ, ಅಲ್ವಾ? ಕೊಳಲಲ್ಲ! ಒಳಗೆ ಟೇಪಿನ ಪಟ್ಟಿ. ಎಂಟು ಸೆಕೆಂಡು, ಅಷ್ಟೇ, ಉಸಿರು ಮುಗೀತು…"

ತಮ್ಮ ಮಾತುಗಳೆಲ್ಲ ಒಂದೂ ಬಿಡದೆ ಹೆಂಡತಿಯ ಬಾಯಿಂದ ಬರುವುದನ್ನು ಕನ್ನಡಕದವರು ಕತ್ತಲಲ್ಲಿ ಕೂತು ಕೇಳಿದರು. ಇಷ್ಟು ವರ್ಷ ಈಕೆ ಕೇಳಿಸಿಕೊಳ್ಳುತ್ತಿದ್ದಳೇ! ಅಳುವಿನ ಭಾಗವನ್ನು ಮಾತ್ರ ಆಕೆ ಸೇರಿಸಲಿಲ್ಲ. ಅದರ ಬದಲು "ಮನಸ್ಸಿಗೆ ತಂಪು" ಎಂದರು. ತಂಪಂತೆ!

ಸೋಮವಾರ ಟೆಲಿಫೋನಮ್ಮ ಬಂದರು. ರೆಕಾರ್ಡನ್ನು ಕೌಂಟರಿನ ಮೇಲಿಟ್ಟು ಹೆಂಡತಿಗೆ ಮೆಲ್ಲಗೆ, "ಇದೇ ಕೊನೇದು. ಡಾಕ್ಟ್ರಿಗೆ ಹೇಳ್ಬಿಡಿ," ಎಂದು ಹೊರಟರು. ಪರದೆ ಸರಿಯಿತು.

"ಒಳಗೆ ಬನ್ನಿ ಅಕ್ಕಾವ್ರೇ. ಪರೀಕ್ಷೆ ಇದೆ."

"ಕಣ್ಣು ಚೆನ್ನಾಗಿದೆಯಲ್ಲ ಡಾಕ್ಟ್ರೇ."

"ಕಣ್ಣಿಂದಲ್ಲ, ಕಿವೀದು. ಕೂತ್ಕೊಳ್ಳಿ, ಕಣ್ಣು ಮುಚ್ಕೊಳ್ಳಿ. ಬಾಯಿಪಾಠ ಒಪ್ಪಿಸೋ ಹಾಗಿಲ್ಲ."

ಟೆಲಿಫೋನಮ್ಮ ಕುರ್ಚಿ ಹತ್ತಿ ಕಣ್ಣು ಮುಚ್ಚಿದರು. ಕನ್ನಡಕದವರು ನೀಲಿ ಬಾಗಿಲಿನ ಕೊನೆಯ ಹಾಡನ್ನು ಹಾಕಿದರು. ಕೊಳಲು ಬಂದು ನೆಟ್ಟಗೆ ನಿಂತು ಹೋಯಿತು.

"ಏನು ಕೇಳಿಸ್ತು?"

ಟೆಲಿಫೋನಮ್ಮ ಬಾಯಿ ತೆರೆದು, ಏನೋ ನೆನಪಾಗಿ, ಮುಚ್ಚಿ, ಮತ್ತೆ ತೆರೆದರು. "ಸ್ವಲ್ಪ ನಡುಗ್ತು. ಅಳ್ಲಿಲ್ಲ."

"ಸರಿ."

ಸ್ಕ್ರೂಡ್ರೈವರಿನ ಸದ್ದಾಯಿತು. ಕನ್ನಡಕದವರು ಮುಚ್ಚಳ ತೆಗೆದು ಹೊಸ ಬೆಲ್ಟು ಬಿಡಿಸಿ, ಜೇಬಿನ ಪೊಟ್ಟಣದಿಂದ ಹಳೆಯದನ್ನು ತೆಗೆದು ಸಿಕ್ಕಿಸಿದರು. ಸಣ್ಣ ಸ್ಕ್ರೂ ಒಂದು ಕೆಳಗೆ ಬಿದ್ದು ಉರುಳಿತು. ಅದನ್ನು ಹುಡುಕಲು ಹೋಗಲಿಲ್ಲ. ಈ ಹೆಂಗಸು ಈಗ ಏನು ಹೇಳುತ್ತಾರೋ ಅದರ ಮೇಲೆ ತನ್ನ ಅಷ್ಟೂ ವರ್ಷಗಳು ನಿಂತಿವೆಯೆಂದು ಅವರಿಗೆ ಅನಿಸುತ್ತಿತ್ತು. ಮುಳ್ಳು ಇಳಿಯಿತು. ಕೊಳಲು ಬಂತು. ಹಿಡಿಯಿತು, ಕುಸಿಯಿತು, ಎದ್ದಿತು, ಮತ್ತೆ ಕುಸಿಯಿತು.

"ಈಗ?"

ಟೆಲಿಫೋನಮ್ಮನ ಮುಚ್ಚಿದ ರೆಪ್ಪೆಯ ಕೆಳಗೆ ಒದ್ದೆಯಾಗಿತ್ತು.

"ಇದು ಅಳುತ್ತೆ. ಆವತ್ತು ಮೊದಲ್ನೇ ದಿನ ಕೇಳಿದ್ದು ಇದೇ."

"ಯಾವುದು ಸ್ಪಷ್ಟ? ಮೊದಲ್ನೇದಾ, ಎರಡ್ನೇದಾ?"

"ಮೊದಲ್ನೇದು."

"ಯಾವುದು ಬೇಕು?"

"ಎರಡ್ನೇದು."

ಕನ್ನಡಕದವರು ಕುರ್ಚಿಯ ಹಿಂದೆ ನಿಂತು ಕಣ್ಣೊರೆಸಿಕೊಂಡರು. ಅಂಥ ಸಂತೋಷ ಅವರಿಗೆ ಲೈಬ್ರರಿಯ ಚಪ್ಪಾಳೆಯಲ್ಲಿ ಆಗಿರಲಿಲ್ಲ. ಬೆಲ್ಟಿನದೋ ಕೊಳಲಿನದೋ, ಅಳು ಇತ್ತು. ಯಾರೂ ಹೇಳಿಕೊಡದೆ ಇನ್ನೊಬ್ಬರು ಅದನ್ನು ಓದಿ ಹೇಳಿದ್ದರು. ಅದೂ ಎರಡೂ ಬೋರ್ಡಿನಲ್ಲಿ, ಒಂದಕ್ಷರ ತಪ್ಪದೆ.

"ರೀ!" ಹೆಂಡತಿಯ ದನಿ ಪರದೆ ಸೀ‌ಳಿಕೊಂಡು ಬಂತು. "ಆ ಅಳುಬುರುಕ ಬೆಲ್ಟನ್ನ ಮತ್ತೆ ಹಾಕಿದ್ರಾ? ಗಿರಾಕಿಗಳು ಕೂತಿದ್ದಾರೆ, ತೆಗೀರಿ!"

ತೆಗೆದರು. ಅಂಗಡಿಯ ಹೊತ್ತಿನಲ್ಲಿ ಹೊಸ ಬೆಲ್ಟು, ಸೋಮವಾರ ಒಂದು ಹಾಡಿನ ಮಟ್ಟಿಗೆ ಹಳೆಯದು ಎಂದು ಪರದೆಯ ಈಚೆ ಆಚೆ ನಿಂತೇ ಗಂಡ ಹೆಂಡಿರಲ್ಲಿ ರಾಜಿಯಾಯಿತು. ಆಮೇಲೆ ಕನ್ನಡಕದವರು ಕಪಾಟಿನಿಂದ ಇನ್ನೊಂದು ರೆಕಾರ್ಡು ತೆಗೆದು, ಲೆನ್ಸಿನ ಕಾಗದದಲ್ಲಿ ಸುತ್ತಿ, ಮೂಲೆಯನ್ನು ಒಳಕ್ಕೆ ಮಡಚಿ ಟೆಲಿಫೋನಮ್ಮನ ಕೈಗಿಟ್ಟರು.

"ಇದರಲ್ಲಿ ಹೆಂಗಸರು ಹಾಡ್ತಾರೆ, ಟೇಪಿನವ್ರು. ಕೊನೇಲಿ ಒಬ್ಬಳ ಗಂಟಲು ಕಟ್ಟುತ್ತೆ. ಮನೇಲಿ ಸಾವಕಾಶವಾಗಿ ಕೇಳಿ, ಮುಂದಿನ ಸೋಮವಾರ ಹೇಳಿ."

ಟೆಲಿಫೋನಮ್ಮ ಅವರ ಮುಖ ನೋಡಿದರು. ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

"ಆಗ್ಲಿ ಡಾಕ್ಟ್ರೇ. ಕೇಳಿ ಹೇಳ್ತೀನಿ," ಎಂದು ರೆಕಾರ್ಡನ್ನು ಎದೆಗವಚಿಕೊಂಡು ಹೊರಗೆ ಬಂದರು.

ಕೌಂಟರಿನ ಹತ್ತಿರ ಹೆಂಡತಿ ಅವರನ್ನು ತಡೆದು, ಕಾಗದದ ಮೂಲೆಯನ್ನು ಬೆರಳಿಂದ ತಟ್ಟಿ, ಇಡೀ ಅಂಗಡಿಗೆ ಕೇಳುವಂತೆ ಹೇಳಿದರು.

"ಅಕ್ಕಾ, ಈ ಸಲನಾದ್ರೂ ಮಡಿಕೆ ಒಂದ್ಸಲ ಬಿಚ್ಚಿ ಮಡಚಿ ತನ್ನಿ. ಇಷ್ಟು ವರ್ಷ ನಾನು ನೋಡಿಯೂ ಸುಮ್ನಿದ್ದೆ. ಹೀಗೇ ತಂದ್ರೆ ಒಂದಲ್ಲ ಒಂದಿನ ಇವರಿಗೆ ಗೊತ್ತಾಗ್ಬಿಡುತ್ತೆ."

ಪರದೆಯ ಪಕ್ಕದಲ್ಲೇ ಇದ್ದ ಕನ್ನಡಕದವರು ಏನೂ ಕೇಳಿಸದವರ ಹಾಗೆ ಲೆನ್ಸು ಒರೆಸುತ್ತ ನಿಂತಿದ್ದರು.